ಸ್ವಸ್ತಿಕಜಾಲ: ಏಕಾಕೃತಿಯ ಆವರ್ತನೆಯಲ್ಲಿ ದಿಕ್ಕಿನ ವಿಚಾರ

ಜೈನ ಪರಂಪರೆಯಲ್ಲಿ ಸ್ವಸ್ತಿಕದ ನಾಲ್ಕು ಭುಜಗಳು ದೇವ, ಮನುಷ್ಯ, ತಿರ್ಯಂಚ, ನಾರಕವೆಂಬ ಚತುರ್ಗತಿಗಳನ್ನು ಸೂಚಿಸುತ್ತವೆ. ಮೇಲಣ ಮೂರು ಬಿಂದುಗಳು ರತ್ನತ್ರಯ, ಅರ್ಧಚಂದ್ರವು ಸಿದ್ಧಶಿಲೆ. ಮಥುರೆಯ ಕಂಕಾಲಿ ಟೀಲಾದ ಆಯಾಗಪಟಗಳಲ್ಲಿ ಸ್ವಸ್ತಿಕವೇ ಪ್ರಧಾನವಾದ ಫಲಕವೂ ಉಂಟು. ಅಲ್ಲಿ ಅದು ಒಂಟಿಯಾಗಿ ನಿಂತ ಮಂಗಲಚಿಹ್ನೆ. ಅದೇ ಆಕೃತಿಯು ಪರಸ್ಪರ ಹೆಣೆದುಕೊಂಡು ಶಿಲಾಪಟ್ಟಿಕೆಯನ್ನೇ ತುಂಬಿರುವುದನ್ನು ಸಾರನಾಥದ ಧಮೇಖ್ ಸ್ತೂಪದ ಗುಪ್ತಯುಗೀನ ಅಲಂಕರಣದಲ್ಲಿ ಕಾಣಬಹುದು. ಆದುದರಿಂದ ಜಾಲವಿನ್ಯಾಸವು ಯಾವುದೇ ಒಂದು ಮತದ ಸೊತ್ತಲ್ಲ. ಆದರೆ ಚಿಹ್ನೆಯು ಜಾಲವಾದಾಗ ಅದರ ದಿಕ್ಕು ಏನಾಗುತ್ತದೆ ಎಂಬುದು ವಿಚಾರಣೀಯ.

ಸಮಚೌಕದ ಮನೆಗಳುಳ್ಳ ಪಟದಲ್ಲಿ ಸ್ವಸ್ತಿಕದ ಪ್ರತಿಯೊಂದು ಭುಜವೂ ಒಂದು ಮನೆ ನೇರವಾಗಿ ಸಾಗಿ, ಒಂದು ಮನೆ ಬಲಕ್ಕೆ ತಿರುಗಲಿ. ಮುಂದಿನ ಸ್ವಸ್ತಿಕದ ಕೇಂದ್ರವನ್ನು ಎರಡು ಮನೆ ಬಲಕ್ಕೆ, ಒಂದು ಮನೆ ಕೆಳಕ್ಕೆ ಇರಿಸಿದರೆ ಒಂದರ ಬಾಗೇ ಇನ್ನೊಂದರ ಬಾಗಾಗುತ್ತದೆ. ಇದೇ ಕ್ರಮವನ್ನು ನಾಲ್ಕೂ ಭುಜಗಳಿಗೆ ಅನ್ವಯಿಸಿದರೆ ಕ್ಷೇತ್ರವೆಲ್ಲ ತುಂಬುವುದು. ಸ್ವಸ್ತಿಕಗಳೆಲ್ಲವೂ ಒಂದೇ ದಿಕ್ಕಿನವಾಗಿರುವುವು. ನಡುವೆ ಉಳಿದ ನೆಲವೂ ವ್ಯರ್ಥವಲ್ಲ: ನಡುವೆ ಒಂದು, ಸುತ್ತ ನಾಲ್ಕು, ಹೀಗೆ ಐದು ಮನೆಗಳ ಕೂಡುಚಿಹ್ನೆಗಳು ಎಡೆಯಿಲ್ಲದೆ ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಅವುಗಳ ಎಲ್ಲೆಯೇ ಸ್ವಸ್ತಿಕ.

ಮೂಲಾಕೃತಿಯನ್ನು ಕನ್ನಡಿಯಲ್ಲಿನ ಬಿಂಬದಂತೆ ಮಗುಚಿ ಹೆಣೆದಾಗಲೂ ಜಾಲವು ಸಿದ್ಧಿಸುತ್ತದೆ; ಆದರೆ ಅದರಲ್ಲಿ ದಕ್ಷಿಣಾವರ್ತ, ವಾಮಾವರ್ತಗಳೆರಡೂ ಬೆರೆತಿರುತ್ತವೆ. ಇವನ್ನು ಗುರುತಿಸುವ ಕ್ರಮ ಸುಲಭ. ಎರಡು ಕೇಂದ್ರಗಳನ್ನು ಕೂಡಿಸುವ ರೇಖೆಯನ್ನು ಅನುಸರಿಸಬೇಕು. ಅದು ಮೊದಲು ಒಂದು ಕಡೆಗೆ, ಅನಂತರ ವಿರುದ್ಧ ಕಡೆಗೆ ತಿರುಗಿದರೆ ಎರಡು ಸ್ವಸ್ತಿಕಗಳೂ ಸಮದಿಕ್ಕಿನವು. ಎರಡು ಸಲವೂ ಒಂದೇ ಕಡೆಗೆ ತಿರುಗಿದರೆ ವಿರುದ್ಧದಿಕ್ಕಿನವು. ಸಮತಲದಲ್ಲಿ ಎರಡು ದಿಶೆಗಳಲ್ಲಿ ಆವರ್ತಿಸುವ ವಿನ್ಯಾಸಗಳ ವರ್ಗಗಳು 17 ಮಾತ್ರವೆಂದು ರಷ್ಯದ ಫೆಡೊರೊವ್ 1891ರಲ್ಲಿ ಸಿದ್ಧಪಡಿಸಿದನು. ಭ್ರಮಣದಿಂದ ಮಾತ್ರ ಹುಟ್ಟಿದ ಜಾಲವೂ ಪ್ರತಿಬಿಂಬವುಳ್ಳ ಜಾಲವೂ ಆ ವಿಭಜನೆಯಲ್ಲಿ ಬೇರೆ ಬೇರೆ ವರ್ಗಕ್ಕೆ ಸೇರುತ್ತವೆ. ಶಿಲ್ಪಿಗಳಾದರೋ ಅದಕ್ಕೆ ಬಹು ಶತಮಾನಗಳ ಮುನ್ನವೇ ಇಂಥ ಜಾಲಗಳನ್ನು ಕೈಯಳತೆಯಿಂದ ಸಾಧಿಸಿದ್ದರು.

ಹಸ್ತಪ್ರತಿಗಳ ಅಧ್ಯಯನಕ್ಕೆ ಇದರ ಪ್ರಯೋಜನ ಅಲ್ಪವಲ್ಲ. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ತಾಡವೋಲೆಗಳಲ್ಲಿ ವರ್ಣಚಿತ್ರಗಳೂ ಅಲಂಕರಣಗಳೂ ಇರುವುದು ವಿದ್ವಾಂಸರಿಗೆ ವಿದಿತವೇ. ಇಂತಹ ಅಲಂಕರಣಗಳನ್ನು ಸೂಚಿಯಲ್ಲಿ 'ಚಿತ್ರಪಟ್ಟಿಕೆ' ಎಂದಷ್ಟೇ ನಮೂದಿಸಿದರೆ ಮೂಲಾಕೃತಿ, ದಿಕ್ಕು, ಜೋಡಣೆಯ ಕ್ರಮ ಮೂರೂ ಲುಪ್ತವಾಗುತ್ತವೆ. ಛಾಯಾಚಿತ್ರವು ಮಗುಚಿ ಅಚ್ಚಾದರೆ ಓಲೆಯ ದೋಷವನ್ನು ಅಕ್ಷರಗಳೇ ತಿಳಿಸುವುವು. ಅಕ್ಷರವಿಲ್ಲದ ರಕ್ಷಾಫಲಕದಲ್ಲಿ ದಕ್ಷಿಣಾವರ್ತವು ವಾಮಾವರ್ತವಾಗಿಯೇ ಉಳಿದುಬಿಡುವುದು. ಆದಕಾರಣ ಮೂಲಫಲಕವನ್ನು ಕಣ್ಣಾರೆ ನೋಡಿ ದಿಕ್ಕನ್ನು ದಾಖಲಿಸುವುದು ಅವಶ್ಯ.

ಜಾಲದ ಪ್ರತಿಯೊಂದು ಸ್ವಸ್ತಿಕಕ್ಕೂ ಚತುರ್ಗತಿಯ ಅರ್ಥವನ್ನು ಆರೋಪಿಸುವುದು ಸಾಧುವಲ್ಲ. ಅದಕ್ಕೆ ಗ್ರಂಥಾಧಾರ ಬೇಕು. ಆದರೆ ದಿಕ್ಕಿನ ದಾಖಲೆಯೇ ಇಲ್ಲದಿದ್ದರೆ ಅರ್ಥದ ಚರ್ಚೆಗೆ ಆಸ್ಪದವೇ ಉಳಿಯದು.