‘ತೆಗೆದರು’ ಎಂದರೆ ಯಾರು?

ಕೋಡಂಬಾಕ್ಕಂಗೆ ಮನೆ ಬದಲಾಯಿಸಿದ ಮೇಲೆ ಹಳೆಯ ಕನ್ನಡ ಪತ್ರಿಕೆಗಳ ಸಿನಿಮಾ ಪುಟಗಳನ್ನು ಓದುವ ಹುಚ್ಚು ಹತ್ತಿತು. ಅಲ್ಲಿ ಪದೇ ಪದೇ ಎದುರಾದದ್ದು ‘ತೆಗೆ’ ಎಂಬ ಪುಟ್ಟ ಕ್ರಿಯಾಪದ. ದುಡ್ಡು ಹಾಕಿದವರೂ ಚಿತ್ರ ತೆಗೆದರು, ನಿರ್ದೇಶಿಸಿದವರೂ ತೆಗೆದರು, ಕ್ಯಾಮೆರಾ ಹಿಡಿದವರೂ ತೆಗೆದರು. ಜನ ಬಾರದಿದ್ದರೆ ಟಾಕೀಸಿನವರು ಮೂರೇ ದಿನಕ್ಕೆ ಅದನ್ನು ತೆಗೆದರು! ಇಲ್ಲಿನ ತಮಿಳರದ್ದೂ ಇದೇ ಜಾಡು: ‘ಪಡಂ ಎಡುತ್ತಾರ್’.

1934ರ ‘ಸತಿ ಸುಲೋಚನಾ’ ಕೊಲ್ಹಾಪುರದಲ್ಲಿ ತಯಾರಾಯಿತು. ಮುಂದೆ ದಶಕಗಳ ಕಾಲ ಕನ್ನಡ ಚಿತ್ರಗಳಿಗೆ ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳೇ ಗತಿ. 1954ರ ‘ಬೇಡರ ಕಣ್ಣಪ್ಪ’ನೂ ಇಲ್ಲಿಯವನೇ.

ಒಂದು ತೊಡಕಿದೆ. ‘ತೆಗೆದರು’ ಎಂಬ ಗೌರವರೂಪದಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಓದುವವರು ಗಂಡಸೆಂದೇ ಅಂದುಕೊಳ್ಳುತ್ತೇವೆ, ನಾನೂ ಅಂದುಕೊಂಡಿದ್ದೆ. ಆದರೆ 1943ರ ‘ರಾಧಾರಮಣ’ ತೆಗೆದವರು ಎಂ.ವಿ. ರಾಜಮ್ಮ. ಕನ್ನಡದ ಮೊದಲ ನಿರ್ಮಾಪಕಿ ಎಂದು ಗುರುತಿಸುವುದು ಅವರನ್ನೇ. ನಮ್ಮ ಮನೆಯವರ ನೆನಪಿನಲ್ಲಿ ಮಾತ್ರ ಅವರು 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದ ಮೇಷ್ಟ್ರ ಹೆಂಡತಿ, ಅಷ್ಟೇ.

ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿ, ‘ರಾಜಮ್ಮನವರು ಸಿನಿಮಾ ತೆಗೆದಿದ್ದರಂತೆ’ ಎಂದೆ.

‘ಅವರು ಪಾರ್ಟು ಮಾಡ್ತಿದ್ದೋರಲ್ವೇನೇ?’ ಅಂದರು ಅಜ್ಜಿ.