ದತ್ತಾಂಶ ಚಿತ್ರಣದ ಸುಗಮ್ಯತೆ

ದತ್ತಾಂಶ ಚಿತ್ರಣದ ಸುಗಮ್ಯತೆ ಎಂದರೆ ಅಂಕಿ-ಅಂಶಗಳನ್ನು ತೋರಿಸುವ ಸ್ತಂಭಾಲೇಖ, ವೃತ್ತಾಲೇಖ, ಭೂಪಟ ಮೊದಲಾದವುಗಳನ್ನು ವಿಕಲಚೇತನರೂ ಗ್ರಹಿಸುವಂತೆ ರೂಪಿಸುವ ಕ್ರಮ. ಇದಿಲ್ಲದಿದ್ದರೆ ಚುನಾವಣಾ ಫಲಿತಾಂಶ, ರೋಗದ ಹರಡುವಿಕೆ ಮುಂತಾದ ಸಾರ್ವಜನಿಕ ಮಾಹಿತಿಯಿಂದ ಅವರು ವಂಚಿತರಾಗುತ್ತಾರೆ.

ವಿಧಾನಗಳು

ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಚಿತ್ರರೂಪದ ಆಲೇಖದಿಂದ ಅಂಕಿಗಳು ದೊರೆಯುವುದಿಲ್ಲ. ಆದ್ದರಿಂದ ಆಲೇಖದ ತಾತ್ಪರ್ಯವನ್ನು ತಿಳಿಸುವ ಪರ್ಯಾಯ ಪಠ್ಯವನ್ನೂ ಮೂಲ ಅಂಕಿಗಳ ಕೋಷ್ಟಕವನ್ನೂ ಒದಗಿಸಲಾಗುತ್ತದೆ. ಕೆಂಪು-ಹಸಿರು ಭೇದ ಕಾಣದವರಿಗಾಗಿ ಬಣ್ಣದೊಂದಿಗೆ ಚಿಹ್ನೆ, ಗೆರೆಯ ವಿನ್ಯಾಸ ಅಥವಾ ಹೆಸರನ್ನೂ ಬಳಸಲಾಗುತ್ತದೆ. ಅಂಧರಿಗಾಗಿ ಉಬ್ಬುಗೆರೆಯ ಸ್ಪರ್ಶಚಿತ್ರಗಳೂ, ಅಂಕಿಗಳ ಏರಿಳಿತವನ್ನು ಶ್ರುತಿಯ ಏರಿಳಿತವಾಗಿ ಕೇಳಿಸುವ ಧ್ವನಿರೂಪಗಳೂ ಬಳಕೆಯಲ್ಲಿವೆ.

ಮಾನದಂಡ

ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ೨೦೧೮ರಲ್ಲಿ ಪ್ರಕಟಿಸಿದ ಸುಗಮ್ಯತಾ ಮಾರ್ಗಸೂಚಿಯ ೨.೧ನೆಯ ಆವೃತ್ತಿಯ ಪ್ರಕಾರ, ಅರ್ಥಗ್ರಹಣಕ್ಕೆ ಅಗತ್ಯವಾದ ಚಿತ್ರಭಾಗಕ್ಕೂ ಪಕ್ಕದ ಬಣ್ಣಕ್ಕೂ ಕನಿಷ್ಠ ೩:೧ರಷ್ಟು ವರ್ಣವ್ಯತ್ಯಾಸವಿರಬೇಕು.