ಉರಿ ಆರಿದ ಮೇಲೆ ಬೇಯುವ ಗಂಜಿ

ಹಳಿಯಾಳದಲ್ಲಿ ನಾನು ಹಿಡಿದ ಬಾಡಿಗೆ ಕೋಣೆಗೆ ಒಂದು ಷರತ್ತಿತ್ತು: ಒಳಗೆ ಅಡುಗೆ ಮಾಡುವಂತಿಲ್ಲ. ನೀರು ಕಾಯಿಸಲು ಕೆಟಲ್ ಇಟ್ಟುಕೊಳ್ಳಬಹುದು, ಅಷ್ಟೇ. ಉತ್ತರ ಕನ್ನಡದ ಕಾಡು ಮತ್ತು ಸೌದೆಯ ಹಕ್ಕುಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ದಾಂಡೇಲಿ, ಜೋಯಿಡಾ, ಮುಂಡಗೋಡಗಳಿಗೆ ಬಸ್ಸಿನಲ್ಲಿ ಓಡಾಡುವುದೇ ದಿನಚರಿ. ಮಳೆಗಾಲದಲ್ಲಿ ಕೊನೆಯ ಬಸ್ಸಿಳಿಯುವ ಹೊತ್ತಿಗೆ ಖಾನಾವಳಿಗಳ ಬಾಗಿಲು ಮುಚ್ಚಿರುತ್ತಿತ್ತು. ಆ ತಿಂಗಳು ಫೆಲೋಶಿಪ್ ಹಣವೂ ಬಂದಿರಲಿಲ್ಲ. ಹೀಗಾಗಿ ಅಗಲ ಬಾಯಿಯ ಒಂದು ಸ್ಟೀಲ್ ಫ್ಲಾಸ್ಕ್ ಕೊಂಡೆ.

ಮೊದಲ ದಿನ ಅಕ್ಕಿ ನುಚ್ಚು ಹಾಕಿ, ಬಿಸಿನೀರು ಸುರಿದು, ಮುಚ್ಚಳ ತಿರುಗಿಸಿ ಹೋದೆ. ರಾತ್ರಿ ಬಂದು ನೋಡಿದರೆ ನುಚ್ಚು ಹಲ್ಲಿಗೆ ಕರಕರ ಎನ್ನುತ್ತಿತ್ತು. ತಪ್ಪು ನನ್ನದೇ. ನೀರು ಕುದಿಯುವವರೆಗೆ ಕಾದಿರಲಿಲ್ಲ, ಫ್ಲಾಸ್ಕನ್ನು ಅರ್ಧ ಖಾಲಿ ಬಿಟ್ಟಿದ್ದೆ. ನಾಲ್ಕಾರು ದಿನ ಕೆಡಿಸಿಕೊಂಡ ಮೇಲೆ ಕೈ ಕುದುರಿತು. ಮೊದಲು ಬರೀ ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಬೇಕು, ಆಗ ಒಳಗೋಡೆ ಬಿಸಿಯಾಗುತ್ತದೆ. ಅರ್ಧ ಲೀಟರಿನ ಫ್ಲಾಸ್ಕಿಗೆ ಸುಮಾರು 50 ಗ್ರಾಂ ನೆನೆಸಿದ ನುಚ್ಚು, ಚಿಟಿಕೆ ಉಪ್ಪು, ಕತ್ತಿನವರೆಗೆ ಕುದಿಯುವ ನೀರು. ಬಿಗಿಯಾಗಿ ಮುಚ್ಚಿ, ಒಮ್ಮೆ ಅಲುಗಾಡಿಸಿ, ಟವೆಲ್ಲಿನಲ್ಲಿ ಸುತ್ತಿಟ್ಟರೆ ಎರಡು ಮೂರು ತಾಸಿಗೆ ಗಂಜಿ ತಯಾರು.

ಅನ್ನ ಬೇಯಲು ನೀರು ಕೊತಕೊತ ಕುದಿಯುತ್ತಲೇ ಇರಬೇಕಿಲ್ಲ. ಅಕ್ಕಿಯ ಪಿಷ್ಟ ನೀರು ಹೀರಿ ಮೆತ್ತಗಾಗುವುದು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಯನ್ನು ಹೊತ್ತುಗಟ್ಟಲೆ ಹಿಡಿದಿಟ್ಟರೆ ಸಾಕು. ಆದರೆ ಎಲ್ಲವೂ ಇದಕ್ಕೆ ಒಗ್ಗುವುದಿಲ್ಲ. ರಾಜ್ಮಾದಲ್ಲಿರುವ ನಂಜು ಹೋಗಲು ಅದು ಒಲೆಯ ಮೇಲೆ ಹತ್ತು ನಿಮಿಷವಾದರೂ ಜೋರಾಗಿ ಕುದಿಯಲೇಬೇಕು. ಗಂಜಿಯನ್ನೂ ಬಿಸಿಯಿರುವಾಗಲೇ ಉಣ್ಣಬೇಕು, ಉಗುರುಬೆಚ್ಚಗಾದ ಅನ್ನ ಬೇಗ ಕೆಡುತ್ತದೆ.

ತಮಾಷೆಯೆಂದರೆ ಈ ಪಾತ್ರೆ ಹುಟ್ಟಿದ್ದು ಬಿಸಿಗಾಗಿ ಅಲ್ಲ, ತಣ್ಣಗಿಡುವುದಕ್ಕೆ. 1892ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿದ್ದ ಜೇಮ್ಸ್ ಡ್ಯೂವರ್, ದ್ರವವಾಗಿಸಿದ ಅನಿಲಗಳು ಆವಿಯಾಗದಂತೆ ಕಾಪಾಡಲು ಎರಡು ಗೋಡೆಗಳ ಗಾಜಿನ ಪಾತ್ರೆ ಮಾಡಿ, ನಡುವಿನ ಗಾಳಿ ತೆಗೆದ. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಬರ್ಲಿನ್ನಿನ ಗಾಜು ಕುಶಲಕರ್ಮಿ ರೈನ್‌ಹೋಲ್ಡ್ ಬರ್ಗರ್ ಅದನ್ನು ಮನೆಬಳಕೆಗೆ ತಂದು, 1904ರಲ್ಲಿ 'ಥರ್ಮಾಸ್' ಹೆಸರಿನಲ್ಲಿ ಮಾರಾಟಕ್ಕಿಟ್ಟ. ಡ್ಯೂವರ್ ಕೋರ್ಟಿಗೆ ಹೋಗಿ ಸೋತ.

ಶಾಖ ಹಿಡಿದಿಟ್ಟು ಬೇಯಿಸುವ ಉಪಾಯ ಇದಕ್ಕಿಂತ ಹಳೆಯದು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ವೆಯವರು ಒಳಗೆ ಮೆತ್ತೆ ಹೊದಿಸಿದ ಅಡುಗೆ ಪೆಟ್ಟಿಗೆಯೊಂದನ್ನು ತೋರಿಸಿದ್ದರು. ಕುದಿ ಬಂದ ಪಾತ್ರೆಯನ್ನು ಅದರೊಳಗಿಟ್ಟರೆ ಮಿಕ್ಕಿದ್ದು ತಾನೇ ಬೇಯುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಗೃಹಿಣಿಯರಿಗೆ ಒಣಹುಲ್ಲು ತುಂಬಿದ ಪೆಟ್ಟಿಗೆ ಬಳಸಿ ಇಂಧನ ಉಳಿಸಿ ಎಂದು ಸರ್ಕಾರವೇ ಹೇಳಿತು.

ಇದನ್ನೆಲ್ಲ ಓದಿಕೊಂಡ ಉತ್ಸಾಹದಲ್ಲಿ ಜೋಯಿಡಾ ಕಡೆಯ ಕುಣಬಿ ಮನೆಯೊಂದರಲ್ಲಿ ನನ್ನ ಫ್ಲಾಸ್ಕ್ ತೆರೆದು ತೋರಿಸಿದೆ. ಅಜ್ಜಿ ಬಗ್ಗಿ ನೋಡಿದರು. "ಇದು ನಮ್ಮ ಪೇಜ್ ಅಲ್ಲವಾ ತಂಗಿ?" ಎಂದರು. ಅವರ ಕೊಂಕಣಿಯಲ್ಲಿ ಗಂಜಿಗೆ ಪೇಜ್ ಎನ್ನುತ್ತಾರೆ. ಹಿಂದೆ ರಾತ್ರಿ ಮಡಕೆಗೆ ಒಂದು ಕುದಿ ಬರಿಸಿ, ಉರಿ ಎಳೆದು, ಕೆಂಡದ ಮೇಲೆ ಬೂದಿ ಮುಚ್ಚಿ, ಮಡಕೆಯನ್ನು ಅಲ್ಲೇ ಬಿಟ್ಟು ಮಲಗುತ್ತಿದ್ದರಂತೆ. ಬೆಳಿಗ್ಗೆ ಗದ್ದೆಗೆ ಹೋಗುವವರಿಗೆ ಬಿಸಿ ಪೇಜ್ ಸಿಗುತ್ತಿತ್ತು. "ಮಳೆಗಾಲದಲ್ಲಿ ಸೌದೆ ಹಸಿ. ಇದ್ದ ಒಣ ಕಟ್ಟಿಗೆಯನ್ನ ಒಂದೇ ದಿನ ಉರಿಸಿದರೆ ನಾಳೆಗೇನು?" ಎಂದು ಕೇಳಿದರು.

ಆ ಪ್ರಶ್ನೆ ನನ್ನ ಸಂಶೋಧನೆಗೇ ಕೇಳಿದಂತಿತ್ತು. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಕಾಡನ್ನು ಮೀಸಲು, ರಕ್ಷಿತ, ಗ್ರಾಮ ಅರಣ್ಯ ಎಂದು ವಿಂಗಡಿಸಿತು. ಮೀಸಲು ಅರಣ್ಯದಲ್ಲಿ ದಾಖಲಾಗದ ಹಕ್ಕು ಹಕ್ಕೇ ಅಲ್ಲವೆಂದಾಯಿತು. ನಾನು ಓದುವ ಕಡತಗಳಲ್ಲಿ ಸೌದೆ ಎಂದರೆ ತಲೆಹೊರೆ, ಗಾಡಿ, ಶುಲ್ಕ, ದಂಡ. ಹೊರೆ ಮನೆ ಸೇರಿದ ಮೇಲೆ ಏನಾಯಿತೆಂಬುದು ಅಲ್ಲಿಲ್ಲ. ಹಳ್ಳಿಯವರು ಕಾಡು ಹಾಳುಮಾಡುತ್ತಾರೆ ಎಂಬ ದೂರು ಇದೆ, ಒಂದು ಕುದಿಯಲ್ಲಿ ಇಡೀ ರಾತ್ರಿಯ ಅಡುಗೆ ಮುಗಿಸಿದ ಹೆಂಗಸಿನ ಲೆಕ್ಕವಿಲ್ಲ. ನಾನೂ ಮೂರು ವರ್ಷ ಸೌದೆ ಕಡಿಯುವ ಜಾಗ ನೋಡಿದೆ, ಸೌದೆ ಉಳಿಸುವ ಒಲೆಯ ಬಳಿ ಕೂರಲಿಲ್ಲ.

ಮಿತವ್ಯಯದ ಪಾಠ ಯಾರಿಗೆ ಹೇಳುತ್ತೇವೆ ಎಂಬುದೂ ಇತಿಹಾಸವೇ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದಾಗ ಈ ಜಿಲ್ಲೆಯ ಬಿದಿರು ಅದಕ್ಕೆ ತೀರಾ ಕಡಿಮೆ ದರದಲ್ಲಿ ಹೋಯಿತು. ಬುಟ್ಟಿ ಹೆಣೆಯುವವರು ಮಾತ್ರ ಅದೇ ಬಿದಿರಿಗೆ ಮಾರುಕಟ್ಟೆಯ ಬೆಲೆ ತೆರಬೇಕಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ವಿವರವಾಗಿ ಬರೆದಿದ್ದಾರೆ. ಹಾಗಾಗಿ ಫ್ಲಾಸ್ಕ್ ಕಾಡು ಉಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಈಗ ಮುಜುಗರ. ಅದು ಉಳಿಸುವುದು ಒಬ್ಬಳ ಹೊರೆಯನ್ನು, ಒಬ್ಬಳ ಹೊತ್ತನ್ನು. ಅದೇನೂ ಸಣ್ಣ ಮಾತಲ್ಲ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಫ್ಲಾಸ್ಕಿಗೆ ಇನ್ನೊಂದು ಅರ್ಥ ಕಂಡೆ. 1966ರಲ್ಲಿ ನಿರಾಶ್ರಿತರಿಗಾಗಿ ಶುರುವಾದ ವಸತಿ ಅದು. ನಾನು ಹೋದ ಮನೆಯಲ್ಲಿ ಹೂವಿನ ಚಿತ್ರದ ದೊಡ್ಡ ಫ್ಲಾಸ್ಕ್ ಮೇಜಿನ ಮೇಲೆ ಸದಾ ತುಂಬಿರುತ್ತಿತ್ತು. ಕುಡಿದಂತೆಲ್ಲ ಬಟ್ಟಲಿಗೆ ಬೆಣ್ಣೆ ಚಹಾ ಬೀಳುತ್ತಿತ್ತು. ಯಾರು ಯಾವಾಗ ಬಂದರೂ ಒಲೆ ಹಚ್ಚುವ ತನಕ ಕಾಯಿಸಬೇಕಿಲ್ಲ ಎಂದರು ಮನೆಯಾಕೆ.

ಈಗ ನನ್ನ ಪ್ರಶ್ನಾವಳಿಯಲ್ಲಿ ಹೊಸದೊಂದು ಸಾಲು ಸೇರಿದೆ: ಉರಿ ಆರಿಸಿದ ಮೇಲೆ ಏನು ಮಾಡುತ್ತಿದ್ದಿರಿ? ಗಂಡಸರು ನಕ್ಕು ಸುಮ್ಮನಾಗುತ್ತಾರೆ. ಹೆಂಗಸರು ಮಾತ್ರ ಚಾಪೆ ಹಾಸಿ, ಕೂತುಕೋ ಎನ್ನುತ್ತಾರೆ.